ಹಳೆಯ ಮೋರಿಸ್ ಮೈನರ್‌ನಲ್ಲಿ ಮೂಲ ಬಿಡಿಭಾಗಗಳನ್ನೂ ಪರಿಕರಗಳನ್ನೂ ಗುರುತಿಸುವ ಕ್ರಮ

ಹಳೆಯ ಕಾರನ್ನು ಕೊಳ್ಳುವವರೂ, ಮನೆಯ ಹಿರಿಯರ ಕಾರನ್ನು ಮತ್ತೆ ಓಡುವಂತೆ ಮಾಡಲು ಹೊರಟವರೂ ಸಾಮಾನ್ಯವಾಗಿ ಮೊದಲು ಬಣ್ಣವನ್ನು ನೋಡುತ್ತಾರೆ, ಆಮೇಲೆ ಎಂಜಿನ್ನಿನ ಸದ್ದು ಕೇಳುತ್ತಾರೆ. ಬಣ್ಣವನ್ನು ಇನ್ನೊಮ್ಮೆ ಹೊಡೆಸಬಹುದು, ಎಂಜಿನ್ನನ್ನು ಬಿಚ್ಚಿ ಬೋರ್ ಮಾಡಿಸಬಹುದು. ಕಾರ್ಖಾನೆಯಿಂದ ಹೊರಬಂದ ದಿನ ಕಾರಿನಲ್ಲಿದ್ದ ದೀಪ, ಮೀಟರು, ಬೀಗ, ಗಾಜು, ಹಿಡಿಕೆಗಳು ಮಾತ್ರ ಒಮ್ಮೆ ಗುಜರಿ ಸೇರಿದರೆ ಅದೇ ಕಾರಿಗೆ ಮರಳಿ ಬರುವುದಿಲ್ಲ. ಆದ್ದರಿಂದ ಯಾವುದು ಮೂಲದ್ದು, ಯಾವುದು ನಡುವೆ ಬಂದದ್ದು ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ತಿಳಿದುಕೊಳ್ಳುವುದು ಅಗತ್ಯ.

ಬ್ರಿಟನ್ನಿನ ಕಟ್ಟುನಿಟ್ಟಾದ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರ ವರೆಗೆ ತಯಾರಾದ ಕಾರುಗಳು ಮಾತ್ರ. ಭಾರತದಲ್ಲಿ 2021ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಮತ್ತು ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಈ ಲೇಖನದಲ್ಲಿ ಉದಾಹರಣೆಗೆ ಮೋರಿಸ್ ಮೈನರ್ ಕಾರನ್ನು ಆರಿಸಿಕೊಂಡಿದ್ದೇನೆ. ಅಲೆಕ್ ಇಸಿಗೊನಿಸ್ ವಿನ್ಯಾಸಗೊಳಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು 1971ರ ವರೆಗೆ ತಯಾರಾಯಿತು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಇದನ್ನೇ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರಿತು. ಇದರ ವಿದ್ಯುತ್ ಭಾಗಗಳು, ಮೀಟರುಗಳು, ಬೀಗಗಳು ಮತ್ತು ಗಾಜುಗಳನ್ನು ಒದಗಿಸುತ್ತಿದ್ದ ಕಂಪನಿಗಳೇ ಆ ಕಾಲದ ಬಹುತೇಕ ಬ್ರಿಟಿಷ್ ಕಾರುಗಳಿಗೂ ಅವನ್ನು ಒದಗಿಸುತ್ತಿದ್ದುದರಿಂದ, ಇಲ್ಲಿ ಕಲಿತದ್ದು ಆಸ್ಟಿನ್, ಸ್ಟ್ಯಾಂಡರ್ಡ್, ಹಿಲ್ಮನ್ ಕಾರುಗಳ ಮಾಲೀಕರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಕಾರಿನ ವಯಸ್ಸನ್ನು ನಿಗದಿಪಡಿಸಿಕೊಳ್ಳಿ

ಬಿಡಿಭಾಗ ಮೂಲದ್ದೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕಾರು ತಯಾರಾದ ವರ್ಷ ಮತ್ತು ಸಾಧ್ಯವಾದರೆ ತಿಂಗಳು ಗೊತ್ತಿರಬೇಕು. ನೋಂದಣಿ ಪುಸ್ತಕದಲ್ಲಿರುವ ದಿನಾಂಕವನ್ನು ಮಾತ್ರ ನಂಬಬೇಡಿ. ಹಡಗಿನಲ್ಲಿ ಬಂದ ಕಾರು ಬಂದರಿನಲ್ಲೋ ಮಾರಾಟಗಾರರ ಮಳಿಗೆಯಲ್ಲೋ ತಿಂಗಳುಗಟ್ಟಲೆ ನಿಂತು, ಆಮೇಲೆ ನೋಂದಣಿಯಾಗಿರುವ ಸಾಧ್ಯತೆ ಇರುತ್ತದೆ. ಬಾನೆಟ್ ತೆರೆದರೆ ಎಂಜಿನ್ ಕೋಣೆಯ ಹಿಂಬದಿಯ ತಗಡಿನ ಗೋಡೆಯ ಮೇಲೆ ಕಾರಿನ ಸಂಖ್ಯೆಯ ಫಲಕ ಕಾಣುತ್ತದೆ. 1950ರ ದಶಕದ ಕೊನೆಯ ಹೊತ್ತಿನಿಂದ ಮೈನರ್‌ನ ಫಲಕದ ಮೇಲೆ ಎಂಎ2ಎಸ್3 ಎಂಬಂತಹ ಅಕ್ಷರಗಳಿರುತ್ತವೆ. ಇದರಲ್ಲಿ ಎಂ ಎಂದರೆ ಮೋರಿಸ್, ಎ ಎಂದರೆ ಎ-ಸೀರೀಸ್ ಎಂಜಿನ್, 2ಎಸ್ ಎಂದರೆ ಎರಡು ಬಾಗಿಲಿನ ಸಲೂನ್, ಕೊನೆಯ 3 ಎಂದರೆ ಮೂರನೆಯ ಸರಣಿ. 1962ರಲ್ಲಿ ಬಂದ 1098 ಸಿಸಿ ಎಂಜಿನ್ನಿನ ಕಾರಾದರೆ ಕೊನೆಯಲ್ಲಿ 5 ಎಂದು ಇರುತ್ತದೆ.

ಎ-ಸೀರೀಸ್ ಎಂಜಿನ್ನಿನ ಸಂಖ್ಯೆಯು ಡೈನಮೊದ ಮೇಲ್ಭಾಗದಲ್ಲಿ, ಬ್ಲಾಕಿಗೆ ರಿವೆಟ್ ಹೊಡೆದ ಚಿಕ್ಕ ತಗಡಿನ ಮೇಲಿರುತ್ತದೆ. 948 ಸಿಸಿ ಎಂಜಿನ್ನಿನ ಸಂಖ್ಯೆ 9ಎಂ ಎಂದೂ, 1098 ಸಿಸಿಯದು 10ಎಂಎ ಎಂದೂ ಆರಂಭವಾಗುತ್ತದೆ. ಅದರ ನಂತರ ಬರುವ ಅಕ್ಷರಗಳಲ್ಲಿ ಎಚ್ ಅಥವಾ ಎಲ್ ಇದೆಯೇ ಎಂದು ನೋಡಿ. ಅವು ಅಧಿಕ ಮತ್ತು ಕಡಿಮೆ ಕಂಪ್ರೆಷನ್ನಿನ ಗುರುತುಗಳು. ಒಳ್ಳೆಯ ದರ್ಜೆಯ ಪೆಟ್ರೋಲು ಸಿಗದ ದೇಶಗಳಿಗೆ ಕಡಿಮೆ ಕಂಪ್ರೆಷನ್ನಿನ ಎಂಜಿನ್ನುಗಳು ಹೋಗುತ್ತಿದ್ದುದರಿಂದ, ಎಲ್ ಗುರುತನ್ನು ಕಂಡೊಡನೆ ಇದು ಬೇರೆ ಕಾರಿನ ಎಂಜಿನ್ ಎಂದು ತೀರ್ಮಾನಿಸುವುದು ಸರಿಯಲ್ಲ. ತಗಡೇ ಇಲ್ಲದೆ ಬ್ಲಾಕಿನ ಮೇಲೆ ಕೈಯಿಂದ ಪಂಚ್ ಮಾಡಿದ ಸೊಟ್ಟ ಅಂಕಿಗಳಿದ್ದರೆ ಎಂಜಿನ್ ಅಥವಾ ಬ್ಲಾಕ್ ಬದಲಾಗಿದೆ ಎಂದು ಅನುಮಾನಿಸಬೇಕು. ಫಲಕದ ರಿವೆಟ್‌ಗಳನ್ನೂ ಗಮನಿಸಿ. ಸುತ್ತಲಿನ ಬಣ್ಣ ಹಳೆಯದಾಗಿದ್ದು ರಿವೆಟ್ ಮಾತ್ರ ಹೊಳೆಯುತ್ತಿದ್ದರೆ ಫಲಕವನ್ನು ಯಾರೋ ತೆಗೆದು ಮತ್ತೆ ಹಾಕಿದ್ದಾರೆ. ಇಂದು ಹೊಸ ಫಲಕಗಳು ಮಾರಾಟಕ್ಕೆ ಸಿಗುತ್ತವೆ ಎಂಬುದನ್ನೂ ನೆನಪಿಡಬೇಕು.

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಮೋರಿಸ್ ಕಾರುಗಳ ಉತ್ಪಾದನಾ ದಾಖಲೆಗಳಿವೆ. ಕಾರಿನ ಸಂಖ್ಯೆಯನ್ನು ಕಳುಹಿಸಿ ಶುಲ್ಕ ಕಟ್ಟಿದರೆ, ದಾಖಲೆ ಉಳಿದಿರುವ ಕಾರುಗಳಿಗೆ ತಯಾರಾದ ದಿನಾಂಕ, ಮೂಲ ಬಣ್ಣ, ಎಂಜಿನ್ ಸಂಖ್ಯೆ ಮತ್ತು ಕಾರ್ಖಾನೆಯಲ್ಲೇ ಜೋಡಿಸಿದ ಐಚ್ಛಿಕ ಪರಿಕರಗಳ ವಿವರವಿರುವ ಪ್ರಮಾಣಪತ್ರವನ್ನು ಕೊಡುತ್ತಾರೆ. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದು ಇಲ್ಲಿ ಜೋಡಣೆಯಾದ ಕಾರುಗಳ ವಿಷಯದಲ್ಲಿ ಅಷ್ಟು ವಿವರವನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಕಾರೇ ಸಾಕ್ಷಿ ಹೇಳಬೇಕು.

ಕಾಗದ ಏನೂ ಇಲ್ಲದಿದ್ದರೂ ದೇಹದ ರೂಪದಿಂದಲೇ ವರ್ಷವನ್ನು ಸಾಕಷ್ಟು ಸಮೀಪದಿಂದ ಊಹಿಸಬಹುದು. ಆರಂಭದ ಕಾರುಗಳಲ್ಲಿ ಹೆಡ್‌ಲೈಟುಗಳು ಗ್ರಿಲ್ಲಿನೊಳಗೇ ಕೆಳಮಟ್ಟದಲ್ಲಿದ್ದವು. 1951ರ ಹೊತ್ತಿಗೆ ಅವು ಮಡ್‌ಗಾರ್ಡಿನ ಮೇಲ್ಭಾಗಕ್ಕೆ ಏರಿದ್ದವು. 918 ಸಿಸಿಯ ಸೈಡ್-ವಾಲ್ವ್ ಎಂಜಿನ್ನಿನ ಬದಲು 1952ರಲ್ಲಿ 803 ಸಿಸಿಯ ಓವರ್‌ಹೆಡ್-ವಾಲ್ವ್ ಎಂಜಿನ್ ಬಂತು. 1954ರ ಕೊನೆಗೆ ಗ್ರಿಲ್ಲು ಬದಲಾಗಿ ಅಡ್ಡಪಟ್ಟಿಗಳದ್ದಾಯಿತು ಮತ್ತು ಸ್ಪೀಡೊಮೀಟರ್ ಡ್ಯಾಶ್‌ಬೋರ್ಡಿನ ನಡುವೆ ಬಂತು. 1956ರಲ್ಲಿ ಎರಡು ತುಂಡಿನ ಮುಂಗಾಜು ಹೋಗಿ ಬಾಗಿದ ಒಂದೇ ಗಾಜು ಬಂತು. ಈ ಸರಣಿಯನ್ನು ಬಾಯಿಪಾಠ ಮಾಡಿಕೊಂಡವರಿಗೆ, ಎರಡು ತುಂಡಿನ ಮುಂಗಾಜಿನ 1953ರ ಕಾರಿಗೆ 1958ರ ಡ್ಯಾಶ್‌ಬೋರ್ಡ್ ಕೂರಿಸಿದ್ದರೆ ಅದು ದೂರದಿಂದಲೇ ಗೊತ್ತಾಗುತ್ತದೆ.

‘ಮೂಲ’ ಎಂಬುದರಲ್ಲಿ ದರ್ಜೆಗಳಿವೆ

ಕಾರಿನ ಮೇಲಿರುವ ಪ್ರತಿಯೊಂದು ವಸ್ತುವೂ ನಾಲ್ಕರಲ್ಲಿ ಒಂದು ಗುಂಪಿಗೆ ಸೇರುತ್ತದೆ. ಕಾರ್ಖಾನೆಯಲ್ಲೇ ಜೋಡಿಸಿದ್ದು ಮೊದಲನೆಯದು. ಹೊಸ ಕಾರನ್ನು ಮಾರುವಾಗ ಮಾರಾಟಗಾರರು ಜೋಡಿಸಿಕೊಟ್ಟ ಫಾಗ್ ಲೈಟ್, ರೇಡಿಯೊ, ಹೊರಗನ್ನಡಿಯಂತಹ ಪರಿಕರಗಳು ಎರಡನೆಯದು. ಹಳೆಯ ಭಾಗ ಕೆಟ್ಟಾಗ ಅದೇ ಕಂಪನಿಯ ಅದೇ ಮಾದರಿಯ ಭಾಗವನ್ನು ಹಾಕಿದ್ದು ಮೂರನೆಯದು. ಇತ್ತೀಚೆಗೆ ತಯಾರಾದ ನಕಲು ನಾಲ್ಕನೆಯದು. ಮೊದಲ ಮೂರನ್ನೂ ಉಳಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 1955ರ ಕಾರಿಗೆ 1963ರಲ್ಲಿ ಮಾಲೀಕರು ಹಾಕಿಸಿದ ಲ್ಯೂಕಾಸ್ ಡೈನಮೊ ಆ ಕಾರಿನ ಚರಿತ್ರೆಯ ಭಾಗವೇ ಹೌದು. ಅದನ್ನು ಕಿತ್ತು, ದಿನಾಂಕ ಹೊಂದುವ ಇನ್ನೊಂದು ಡೈನಮೊವನ್ನು ಗುಜರಿಯಿಂದ ತಂದು ಕೂರಿಸಿದರೆ ಕಾರು ಹೆಚ್ಚು ಮೂಲದ್ದಾಗುವುದಿಲ್ಲ, ಇನ್ನೊಂದು ಕಾರಿನ ಭಾಗ ಇದಕ್ಕೆ ಬಂದಂತಾಗುತ್ತದೆ ಅಷ್ಟೆ.

ಲ್ಯೂಕಾಸ್ ಭಾಗಗಳ ಮೇಲಿನ ದಿನಾಂಕ

ಪರೀಕ್ಷೆಯನ್ನು ವಿದ್ಯುತ್ ಭಾಗಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವು ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಕಂಪನಿಯು ತನ್ನ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್, ವೈಪರ್ ಮೋಟಾರ್ ಮೊದಲಾದವುಗಳ ಮೇಲೆ ಮಾದರಿಯ ಹೆಸರು, ಭಾಗದ ಸಂಖ್ಯೆ ಮತ್ತು ತಯಾರಾದ ದಿನಾಂಕವನ್ನು ಒತ್ತುತ್ತಿತ್ತು.

ಡೈನಮೊವನ್ನೇ ತೆಗೆದುಕೊಳ್ಳಿ. ಅದರ ಉಕ್ಕಿನ ಕವಚದ ಮೇಲೆ ಎಣ್ಣೆ, ದೂಳು ಸೇರಿ ಗಟ್ಟಿಯಾದ ಕಪ್ಪು ಪದರ ಇರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಬಾರದು, ಉಪ್ಪುಕಾಗದವನ್ನಂತೂ ಮುಟ್ಟಲೇಬಾರದು. ಒತ್ತಿದ ಅಂಕಿಗಳು ಆಳವಾಗಿರುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಕವಚದ ಮೇಲೆ ಹಾಗೆಯೇ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಿಧಾನವಾಗಿ ತಿಕ್ಕಿ, ಒಣಗಿದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕಿಗಳು ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತವೆ. ಮೊದಲ ಸಾಲಿನಲ್ಲಿ ಸಿ39 ಅಥವಾ ಸಿ40 ಎಂಬ ಮಾದರಿಯ ಹೆಸರು, ಬಳಿಯಲ್ಲಿ ಐದಂಕಿಯ ಭಾಗದ ಸಂಖ್ಯೆ, ಅದರ ಆಚೆ ‘5 57’ ಎಂಬಂತಹ ಜೋಡಿ ಅಂಕಿಗಳು ಸಿಕ್ಕಿದರೆ ಅದು 1957ರ ಮೇ ತಿಂಗಳ ಡೈನಮೊ ಎಂದರ್ಥ. 1960ರ ದಶಕದ ಉತ್ತರಾರ್ಧದ ಭಾಗಗಳಲ್ಲಿ ತಿಂಗಳಿನ ಬದಲು ವಾರದ ಸಂಖ್ಯೆ ಇರುವುದುಂಟು. ‘35 69’ ಎಂದಿದ್ದರೆ 1969ರ 35ನೆಯ ವಾರ. ಮೊದಲ ಅಂಕಿ 12ನ್ನು ಮೀರಿದರೆ ಗೊಂದಲಪಡಬೇಕಿಲ್ಲ.

ಈ ದಿನಾಂಕವನ್ನು ಕಾರಿನ ದಿನಾಂಕದ ಪಕ್ಕದಲ್ಲಿಟ್ಟು ನೋಡಬೇಕು. ಭಾಗವು ಕಾರಿಗಿಂತ ಕೆಲವು ವಾರಗಳಿಂದ ಕೆಲವು ತಿಂಗಳ ವರೆಗೆ ಹಳೆಯದಾಗಿದ್ದರೆ ಅದು ಕಾರ್ಖಾನೆಯಲ್ಲೇ ಜೋಡಣೆಯಾಗಿರುವ ಸಂಭವ ಹೆಚ್ಚು, ಏಕೆಂದರೆ ಲ್ಯೂಕಾಸ್‌ನಿಂದ ಹೊರಟ ಪೆಟ್ಟಿಗೆ ಮೋರಿಸ್‌ನ ಉಗ್ರಾಣದಲ್ಲಿ ಸ್ವಲ್ಪ ಕಾಲ ಇರುತ್ತಿತ್ತು. ಭಾಗವು ಕಾರಿಗಿಂತ ಒಂದು ದಿನ ಈಚಿನದಾಗಿದ್ದರೂ ಅದು ಬದಲಿ ಭಾಗವೇ. ಒಂದೇ ಭಾಗದಿಂದ ತೀರ್ಪು ಕೊಡಬೇಡಿ. ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್, ವೈಪರ್ ಮೋಟಾರ್ ಇಷ್ಟರ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ, ಮೂರು ನಾಲ್ಕು ಭಾಗಗಳು ಒಂದೇ ಋತುವಿನ ಸುತ್ತ ನಿಲ್ಲುತ್ತವೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಫಲಕ ಕಳೆದುಹೋದ ಕಾರುಗಳ ವಯಸ್ಸನ್ನು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಡೈನಮೊ ಇರುವ ಮೈನರ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಲೋಹದ ದೇಹಕ್ಕೆ ಅರ್ಥ್ ಆಗಿ ಜೋಡಿಸಿರುತ್ತಾರೆ. ನೆಗೆಟಿವ್ ಅರ್ಥ್ ಆಗಿದ್ದರೆ ರೇಡಿಯೊಗಾಗಿಯೋ ಡೈನಮೊದ ಬದಲು ಹಾಕುವ ಆಲ್ಟರ್ನೇಟರಿಗಾಗಿಯೋ ವೈರಿಂಗ್ ಬದಲಾಗಿದೆ ಎಂದು ತಿಳಿಯಿರಿ. ಡೈನಮೊದ ಆಕಾರದ ಕವಚದೊಳಗೇ ಆಲ್ಟರ್ನೇಟರ್ ಅಡಗಿಸಿದ ಹೊಸ ಘಟಕಗಳೂ ಮಾರುಕಟ್ಟೆಯಲ್ಲಿವೆ. ಮೇಲಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು, ಆದರೆ ಅವುಗಳಿಗೆ ಡೈನಮೊದ ವಿದ್ಯುತ್ತನ್ನು ನಿಯಂತ್ರಿಸುವ ಹೊರಗಿನ ಕಟ್-ಔಟ್ ಪೆಟ್ಟಿಗೆ ಬೇಕಿಲ್ಲದ ಕಾರಣ ಪೆಟ್ಟಿಗೆಯ ತಂತಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿರುತ್ತಾರೆ. ಮೂಲದ ಆರ್‌ಬಿ106 ಪೆಟ್ಟಿಗೆಯಲ್ಲಿ ಎ, ಎ1, ಎಫ್, ಡಿ, ಇ ಎಂಬ ಐದು ಟರ್ಮಿನಲ್‌ಗಳಿರುತ್ತವೆ. ಹಳೆಯ ಕಾರುಗಳಲ್ಲಿ ತಂತಿಗಳಿಗೆ ಬಣ್ಣದ ಎಳೆ ಸೇರಿಸಿ ಹೆಣೆದ ಹತ್ತಿಯ ಹೊದಿಕೆ ಇತ್ತು. ಪೂರ್ತಿ ಪ್ಲಾಸ್ಟಿಕ್ ಹೊದಿಕೆಯ ತಂತಿಗಳು 1949ರ ಕಾರಿನಲ್ಲಿ ಕಂಡರೆ ವೈರಿಂಗ್ ಹೊಸದು. ಸುರಕ್ಷತೆಯ ದೃಷ್ಟಿಯಿಂದ ಹಾಗೆ ಬದಲಾಯಿಸಿದ್ದರೆ ನಾನು ಅದನ್ನು ದೋಷವೆಂದು ಎಣಿಸುವುದಿಲ್ಲ. ಪುಡಿಯಾಗುವ ರಬ್ಬರಿನ ಹಳೆಯ ತಂತಿಯಿಂದ ಬೆಂಕಿ ಹತ್ತಿದರೆ ಮೂಲವೂ ಉಳಿಯುವುದಿಲ್ಲ, ಕಾರೂ ಉಳಿಯುವುದಿಲ್ಲ.

ಕೈ ಸೂಚಕಗಳ ಸೀಳು

1961ರ ವರೆಗಿನ ಮೈನರ್‌ಗಳಲ್ಲಿ ತಿರುವಿನ ಸೂಚನೆಗೆ ಮಿನುಗುವ ದೀಪ ಇರಲಿಲ್ಲ. ಬಾಗಿಲಿನ ಹಿಂದಿನ ಕಂಬದ ಸೀಳಿನಿಂದ ಕಿತ್ತಳೆ ಬಣ್ಣದ ಪುಟ್ಟ ತೋಳೊಂದು ಹೊರಚಾಚುತ್ತಿತ್ತು. ಇದನ್ನು ಟ್ರಾಫಿಕೇಟರ್ ಎನ್ನುತ್ತಾರೆ. ಲ್ಯೂಕಾಸ್ ಎಸ್‌ಎಫ್80 ಇದರ ಪರಿಚಿತ ಮಾದರಿ, ಹೆಸರು ಅದರ ಮೇಲೇ ಇರುತ್ತದೆ. ನಮ್ಮಲ್ಲಿ ಸಂಚಾರ ಹೆಚ್ಚಾದಂತೆ ಬಹುತೇಕ ಮಾಲೀಕರು ಇದನ್ನು ಕಿತ್ತು ಮಿನುಗು ದೀಪ ಹಾಕಿಸಿದರು. ಸೀಳಿಗೆ ತಗಡು ಮುಚ್ಚಿಸಿದರು ಅಥವಾ ಬೆಸುಗೆ ಹಾಕಿಸಿ ಪುಟ್ಟಿ ಬಳಿಸಿದರು.

1961ಕ್ಕೆ ಹಿಂದಿನ ಕಾರಿನಲ್ಲಿ ಸೀಳು ಕಾಣದಿದ್ದರೆ ಆ ಜಾಗದಲ್ಲಿ ತೆಳುವಾದ ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಹಿಡಿದು ನೋಡಿ. ಪುಟ್ಟಿ ದಪ್ಪಗಿರುವಲ್ಲಿ ಅದು ಕಚ್ಚುವುದಿಲ್ಲ. ಒಳಗಿನ ಹೊದಿಕೆಯನ್ನು ಸ್ವಲ್ಪ ಸರಿಸಿದರೆ ಟ್ರಾಫಿಕೇಟರ್‌ಗೆ ಹೋಗುತ್ತಿದ್ದ ತಂತಿಯ ತುಂಡು ಕಂಬದೊಳಗೆ ಸಿಗುವುದೂ ಉಂಟು. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ: 1964ರ ಕಾರಿಗೆ ಹಳೆಯ ಕಾಲದ ಸೊಬಗು ಬರಲೆಂದು ಕಂಬವನ್ನು ಕತ್ತರಿಸಿ ಟ್ರಾಫಿಕೇಟರ್ ಕೂರಿಸುತ್ತಾರೆ. ಹಾಗೆ ಮಾಡಿದ ಸೀಳಿನ ಅಂಚು ಸಮವಾಗಿರುವುದಿಲ್ಲ.

ಈ ಮಾತು ಪ್ರತಿಯೊಂದು ತೂತಿಗೂ ಅನ್ವಯಿಸುತ್ತದೆ, ಮತ್ತು ಹಳೆಯ ಕಾರನ್ನು ಓದಲು ಕಲಿಯುವವರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಕತ್ತರಿಸಿದ ತೂತಿನ ಅಂಚು ನುಣುಪಾಗಿರುತ್ತದೆ ಮತ್ತು ಅದರ ಒಳಮೈಯಲ್ಲೂ ಕಾರಿನ ಮೊದಲ ಬಣ್ಣ ಇರುತ್ತದೆ, ಏಕೆಂದರೆ ತೂತು ಬಿದ್ದ ನಂತರವೇ ಬಣ್ಣ ಬಿತ್ತು. ಆಮೇಲೆ ಕೈ ಡ್ರಿಲ್ಲಿನಿಂದ ಕೊರೆದ ತೂತಿನ ಹಿಂಬದಿಯಲ್ಲಿ ತಗಡು ಮುಳ್ಳುಮುಳ್ಳಾಗಿ ಎದ್ದಿರುತ್ತದೆ, ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದು ತುಕ್ಕು ಹಿಡಿದಿರುತ್ತದೆ. ಡಿ ಲಕ್ಸ್ ಮಾದರಿಗಳಿಗೆ ಇಂಗ್ಲೆಂಡಿನಲ್ಲಿ ಹೀಟರ್ ಕೊಡುತ್ತಿದ್ದರು. ನಮ್ಮ ಹವೆಗೆ ಅದು ಬೇಡವೆನಿಸಿ ಕಿತ್ತುಹಾಕಿದ್ದರೂ ಅದರ ಕೊಳವೆ ಹಾದುಹೋದ ತೂತುಗಳು ಹಿಂಬದಿಯ ಗೋಡೆಯಲ್ಲಿ ಉಳಿದಿರುತ್ತವೆ.

ಸ್ಪೀಡೊಮೀಟರ್ ಈ ಕಾರಿನದೇ?

ಮೀಟರುಗಳನ್ನು ಸ್ಮಿತ್ಸ್ ಕಂಪನಿ ತಯಾರಿಸುತ್ತಿತ್ತು. ಸ್ಮಿತ್ಸ್ ಸ್ಪೀಡೊಮೀಟರಿನ ಮುಖದ ಕೆಳಭಾಗವನ್ನು ಭೂತಗನ್ನಡಿಯಿಂದ ನೋಡಿದರೆ ಎಸ್‌ಎನ್ ಎಂಬ ಅಕ್ಷರಗಳಿಂದ ಆರಂಭವಾಗುವ ಮಾದರಿ ಸಂಖ್ಯೆಯೂ, ಅದರಿಂದ ಪ್ರತ್ಯೇಕವಾಗಿ ಮೂರು ಅಥವಾ ನಾಲ್ಕು ಅಂಕಿಯ ಇನ್ನೊಂದು ಸಂಖ್ಯೆಯೂ ಕಾಣುತ್ತವೆ. ಈ ಎರಡನೆಯ ಸಂಖ್ಯೆ ಬಹಳ ಮುಖ್ಯ. ಕಾರು ಒಂದು ಮೈಲಿ ಓಡಿದಾಗ ಕೇಬಲ್ಲಿನ ಒಳತಂತಿ ಎಷ್ಟು ಸುತ್ತು ಸುತ್ತಬೇಕೆಂಬುದನ್ನು ಅದು ಹೇಳುತ್ತದೆ. ಹಿಂಬದಿಯ ಆಕ್ಸಲಿನ ಹಲ್ಲಿನ ಅನುಪಾತ, ಟೈರಿನ ಅಳತೆ ಮತ್ತು ಗೇರ್‌ಬಾಕ್ಸಿನ ಒಳಗಿನ ಸ್ಪೀಡೊಮೀಟರ್ ಹಲ್ಲುಗಾಲಿ ಸೇರಿ ಈ ಸಂಖ್ಯೆ ನಿರ್ಧಾರವಾಗುವುದರಿಂದ, ಬೇರೆ ಕಾರಿನ ಮೀಟರು ಇಲ್ಲಿ ಕೂತರೂ ಲೆಕ್ಕ ಹೊಂದುವುದಿಲ್ಲ.

ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ 16.09 ಮೀಟರ್, ಅಂದರೆ ಒಂದು ಮೈಲಿಯ ನೂರರ ಒಂದು ಭಾಗವನ್ನು ಅಳೆದು ಸೀಮೆಸುಣ್ಣದಿಂದ ಎರಡು ಗೆರೆ ಹಾಕಿ. ಟೈರುಗಳಲ್ಲಿ ಸರಿಯಾದ ಗಾಳಿ ಇರಲಿ. ಮೀಟರಿನ ಹಿಂದಿನಿಂದ ಕೇಬಲ್ ಕಳಚಿ, ಹೊರಚಾಚಿದ ಒಳತಂತಿಯ ತುದಿಗೆ ರಟ್ಟಿನ ಸಣ್ಣ ಬಾಣವನ್ನು ಸಿಕ್ಕಿಸಿ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಕಾರನ್ನು ಮೊದಲ ಗೆರೆಯಿಂದ ಎರಡನೆಯ ಗೆರೆಯ ವರೆಗೆ ನಿಧಾನವಾಗಿ ನೇರಕ್ಕೆ ತಳ್ಳುವಾಗ ಮೂರನೆಯವರು ಒಳಗೆ ಕೂತು ಬಾಣದ ಸುತ್ತುಗಳನ್ನು, ಕೊನೆಯ ಅರ್ಧ ಕಾಲು ಸುತ್ತು ಸಮೇತ ಎಣಿಸಬೇಕು. ಬಂದ ಸಂಖ್ಯೆಯನ್ನು 100ರಿಂದ ಗುಣಿಸಿ. ಮೀಟರಿನ ಮೇಲೆ 1376 ಎಂದಿದ್ದರೆ ನಿಮಗೆ ಹದಿಮೂರು ಮುಕ್ಕಾಲು ಸುತ್ತಿನ ಆಸುಪಾಸು ಬರಬೇಕು. ಹತ್ತೋ ಹದಿನೇಳೋ ಬಂದರೆ ಮೀಟರು ಬೇರೆ ಕಾರಿನದು, ಇಲ್ಲವೇ ಆಕ್ಸಲು ಅಥವಾ ಗೇರ್‌ಬಾಕ್ಸು ಬದಲಾಗಿದೆ. ಯಾವುದು ಬದಲಾಗಿದೆ ಎಂಬುದನ್ನು ಮುಂದೆ ಹುಡುಕಬೇಕು, ಆದರೆ ಏನೋ ಬದಲಾಗಿದೆ ಎಂಬುದಂತೂ ಖಚಿತ. ಭಾರತದಲ್ಲಿ ಮೈಲಿ ಹೋಗಿ ಕಿಲೊಮೀಟರ್ ಬಳಕೆಗೆ ಬಂದದ್ದು 1960ರ ದಶಕದ ಆರಂಭದಲ್ಲಿ. ಹಾಗಾಗಿ ಇಲ್ಲಿ ಮಾರಾಟವಾದ 1952ರ ಕಾರಿನಲ್ಲಿ ಕಿಲೊಮೀಟರಿನ ಮುಖವಿದ್ದರೆ ಕಾರಣ ಕೇಳಬೇಕು.

ಗಾಜು, ಬೀಗ, ಕಾರ್ಬ್ಯುರೇಟರ್

ಟ್ರಿಪ್ಲೆಕ್ಸ್ ಗಾಜಿನ ಮೂಲೆಯಲ್ಲಿ ಕೊರೆದ ಮುದ್ರೆಯ ಅಕ್ಷರಗಳ ಮೇಲೆ ಮತ್ತು ಕೆಳಗೆ ಸಣ್ಣ ಚುಕ್ಕೆಗಳಿರುತ್ತವೆ. ಅವು ತಯಾರಾದ ವರ್ಷದ ಕೊನೆಯ ಅಂಕಿಯನ್ನೂ ವರ್ಷದ ಯಾವ ಮೂರು ತಿಂಗಳೆಂಬುದನ್ನೂ ಸೂಚಿಸುತ್ತವೆ. ದಶಕವನ್ನು ಮುದ್ರೆಯ ಶೈಲಿಯಿಂದ ಅಂದಾಜು ಮಾಡಬೇಕಾಗುತ್ತದೆ. ಎಲ್ಲ ಕಿಟಕಿಗಳ ಚುಕ್ಕೆಗಳು ಒಂದೇ ಜಾಗದಲ್ಲಿದ್ದು ಒಂದರಲ್ಲಿ ಮಾತ್ರ ಬೇರೆಯಾಗಿದ್ದರೆ, ಆ ಬದಿಗೆ ಹಿಂದೆ ಅಪಘಾತವಾಗಿರಬಹುದೆಂಬ ಸುಳಿವೂ ಅದರಲ್ಲಿದೆ. ಆ ಬಾಗಿಲಿನ ತಗಡನ್ನು ಎರಡನೆಯ ಸಲ ನೋಡಿ.

ಬೀಗ ಹಿಡಿಕೆಗಳು ವಿಲ್ಮಟ್ ಬ್ರೀಡನ್ ಕಂಪನಿಯವು. ಕೀಲಿಯ ಮೇಲೆ ಎಫ್‌ಎಸ್‌ನಂತಹ ಅಕ್ಷರಗಳೂ ಮೂರಂಕಿಯ ಸಂಖ್ಯೆಯೂ ಇದ್ದು, ಅದೇ ಸಂಖ್ಯೆ ಬೀಗದ ಮುಖದ ಮೇಲೂ ಇದ್ದರೆ ಅವೆರಡೂ ಜೊತೆಯಾಗಿಯೇ ಬಂದಿವೆ ಎನ್ನಬಹುದು. ಎಸ್‌ಯು ಕಾರ್ಬ್ಯುರೇಟರಿನ ಮೇಲ್ಭಾಗದ ಸ್ಕ್ರೂ ಕೆಳಗೆ ಚಿಕ್ಕ ಅಲ್ಯೂಮಿನಿಯಂ ಬಿಲ್ಲೆ ಸಿಕ್ಕಿಸಿರುತ್ತಾರೆ. ಅದರ ಮೇಲಿನ ಎಯುಸಿ ಅಥವಾ ಎಯುಡಿ ಸಂಖ್ಯೆಯಿಂದ ಅದು ಯಾವ ಕಾರಿಗಾಗಿ ಹೊಂದಿಸಿದ್ದೆಂದು ತಿಳಿಯುತ್ತದೆ. ಸರ್ವಿಸ್ ಮಾಡುವಾಗ ಈ ಬಿಲ್ಲೆಯನ್ನು ಕಸವೆಂದು ಎಸೆಯುವವರೇ ಹೆಚ್ಚು. ಕಾರ್ಬ್ಯುರೇಟರ್ ಬಿಚ್ಚಿಸುವಾಗ ಮೆಕ್ಯಾನಿಕ್‌ಗೆ ಇದನ್ನು ಮೊದಲೇ ಹೇಳಿಡಿ.

ಸ್ಕ್ರೂ, ಬೋಲ್ಟು ಮತ್ತು ಲೇಪ

ನಕಲನ್ನು ಹಿಡಿದುಕೊಡುವುದರಲ್ಲಿ ಸ್ಕ್ರೂಗಳನ್ನು ಮೀರಿಸುವ ಸಾಕ್ಷಿ ಇಲ್ಲ. ಕೂಡು ಗುರುತಿನ ತಲೆಯ ಫಿಲಿಪ್ಸ್ ಸ್ಕ್ರೂ ಕಾರು ತಯಾರಿಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ, ಅದೂ ಅಮೆರಿಕದಲ್ಲಿ. 1928ರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದಿದ್ದರೆ ಆ ಕಾಲದ್ದಲ್ಲ. ಬ್ರಿಟಿಷ್ ಕಾರುಗಳು 1940ರ ದಶಕದ ಕೊನೆಯ ವರೆಗೂ ವಿಟ್‌ವರ್ತ್ ಮತ್ತು ಬಿಎಸ್‌ಎಫ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಥ್ರೆಡ್ಡುಗಳನ್ನು ಬಳಸುತ್ತಿದ್ದವು. ಬಳಿಕ ನಿಧಾನವಾಗಿ ಯುಎನ್‌ಎಫ್ ಎಂಬ ಇಂಚಿನ ಅಳತೆಯ ಥ್ರೆಡ್ಡು ಬಂತು. ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಮೂಲದ ಹಳೆಯ ಮೋರಿಸ್ ಎಂಜಿನ್ನುಗಳಲ್ಲಂತೂ ಮೆಟ್ರಿಕ್ ಥ್ರೆಡ್ಡಿನ ಬೋಲ್ಟಿಗೆ ವಿಟ್‌ವರ್ತ್ ಅಳತೆಯ ತಲೆ ಇರುತ್ತದೆ. ಅಂತಹ ಬೋಲ್ಟು ಕಳೆದುಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಎಷ್ಟೇ ತುಕ್ಕು ಹಿಡಿದಿದ್ದರೂ ಕಾಗದದಲ್ಲಿ ಸುತ್ತಿ, ಎಲ್ಲಿಯದೆಂದು ಬರೆದು ಇಟ್ಟುಕೊಳ್ಳಿ. ಎ-ಸೀರೀಸ್ ಎಂಜಿನ್ನಿಗೆ ಇಂಚಿನ ಸ್ಪ್ಯಾನರುಗಳೇ ಬೇಕು. 10 ಅಥವಾ 13 ಮಿಲಿಮೀಟರಿನ ಸ್ಪ್ಯಾನರ್ ಸರಿಯಾಗಿ ಕೂತರೆ ಆ ಬೋಲ್ಟು ಇತ್ತೀಚಿನದು. ಅದೇ 1950ರ ದಶಕದ ಫಿಯಟ್ 1100ರಲ್ಲಿ ಮೆಟ್ರಿಕ್ ಬೋಲ್ಟು ಸಹಜ, ವಿದ್ಯುತ್ ಭಾಗಗಳ ಮೇಲೆ ಮ್ಯಾಗ್ನೆಟಿ ಮರೆಲ್ಲಿಯ ಹೆಸರನ್ನೂ ಮೀಟರಿನ ಮೇಲೆ ವೆಲ್ಯಾ ಹೆಸರನ್ನೂ ಅಲ್ಲಿ ನಿರೀಕ್ಷಿಸಬೇಕು.

ಹೊಳೆಯುವ ಲೇಪಗಳಿಗೂ ಕಾಲವಿದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಹಿತ್ತಾಳೆ ಹೆಚ್ಚು, 1920ರ ದಶಕದಲ್ಲಿ ನಿಕ್ಕಲ್, ಆ ದಶಕದ ಕೊನೆಯಿಂದ ಕ್ರೋಮ್. ನಿಕ್ಕಲ್ಲಿಗೆ ಸ್ವಲ್ಪ ಹಳದಿ ಛಾಯೆ ಇರುತ್ತದೆ, ಕ್ರೋಮಿಗೆ ನೀಲಿ ಛಾಯೆ ಇರುತ್ತದೆ. ಎರಡನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮೈನರ್ ಕ್ರೋಮಿನ ಕಾಲದ ಕಾರು. ಅದರ ಸತುವಿನ ಎರಕದ ಹಿಡಿಕೆಗಳ ಮೇಲೆ ಹಳೆಯದಾದಂತೆ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆ ಮೂಲ ಭಾಗದ ಲಕ್ಷಣವೇ ಹೊರತು ಬಿಸಾಡಲು ಕಾರಣವಲ್ಲ. ಮೊದಲ ವರ್ಷದ ಮೈನರ್ ಸಿಕ್ಕಿದರೆ ಬಂಪರಿನ ನಡುಭಾಗವನ್ನು ನೋಡಿ: ತಯಾರಿಕೆಗೆ ಮುನ್ನ ಕಾರಿನ ಅಗಲವನ್ನು ನಾಲ್ಕು ಇಂಚು ಹೆಚ್ಚಿಸಿದ್ದರಿಂದ, ಆಗಲೇ ಮಾಡಿಟ್ಟಿದ್ದ ಬಂಪರುಗಳನ್ನು ಎರಡಾಗಿ ಕತ್ತರಿಸಿ ನಡುವೆ ತುಂಡು ಸೇರಿಸಿದ್ದರು. ಇದನ್ನು ರಿಪೇರಿಯೆಂದು ತಿಳಿದು ಹೊಸ ಬಂಪರ್ ಹಾಕಿಸಿದರೆ ಆ ಕಾರಿನ ಅತ್ಯಂತ ಅಪರೂಪದ ಭಾಗವೇ ಹೋದಂತೆ.

ಭಾರತದಲ್ಲಿ ತಯಾರಾದ ಭಾಗಗಳ ಸ್ಥಾನ

‘ಮೇಡ್ ಇನ್ ಇಂಡಿಯಾ’ ಎಂಬ ಮುದ್ರೆ ಕಂಡೊಡನೆ ನಕಲು ಎನ್ನುವ ಅಭ್ಯಾಸ ನಮ್ಮ ಸಂಗ್ರಾಹಕರಲ್ಲಿದೆ. ಇದು ನಮ್ಮ ಕಾರುಗಳಿಗೆ ಮಾಡುವ ಅನ್ಯಾಯ. ಡನ್‌ಲಪ್ ಕಂಪನಿ ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ 1936ರಿಂದಲೇ ಟೈರು ತಯಾರಿಸುತ್ತಿತ್ತು. ಬೆಂಗಳೂರಿನಲ್ಲಿ ಮೈಕೊ ಕಂಪನಿ 1951ರಲ್ಲಿ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್ಗುಗಳನ್ನು ದೇಶಕ್ಕೆಲ್ಲ ಒದಗಿಸಿತು. ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ 1961ರಲ್ಲಿ ಆರಂಭವಾಯಿತು. ಆದ್ದರಿಂದ 1968ರ ಅಂಬಾಸಡರ್‌ನಲ್ಲಿ ಲ್ಯೂಕಾಸ್-ಟಿವಿಎಸ್ ಡೈನಮೊ ಇದ್ದರೆ ಅದೇ ಮೂಲ. ಬರ್ಮಿಂಗ್‌ಹ್ಯಾಮಿನ ಡೈನಮೊ ಅಲ್ಲಿ ಹೊರಗಿನದು. 1954ರ ಕಾರಿನಲ್ಲಿ ಲ್ಯೂಕಾಸ್-ಟಿವಿಎಸ್ ಹೆಸರಿದ್ದರೆ ಅದು ಬದಲಿ ಭಾಗ, ಆದರೆ ಗೌರವಕ್ಕೆ ಅರ್ಹವಾದ ಬದಲಿ.

ಪರಿಕರಗಳಲ್ಲಿ ನನಗೆ ಹೆಚ್ಚು ಬೆಲೆಬಾಳುವಂತೆ ತೋರುವುದು ಸ್ಥಳೀಯ ಗುರುತುಗಳು. ಮುಂಭಾಗದ ಪಟ್ಟಿಗೆ ಬಿಗಿದ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸದರ್ನ್ ಇಂಡಿಯಾದ ಬಿಲ್ಲೆ, ಮೈಸೂರು ರಾಜ್ಯದ ದಿನಗಳ ಎಂವೈ ಅಕ್ಷರಗಳಿಂದ ಆರಂಭವಾಗುವ ಸಂಖ್ಯಾಫಲಕ, ಮಾರಾಟಗಾರರು ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ತಗಡಿನ ಹೆಸರು, ಇವು ಕಾರು ಯಾರ ನಡುವೆ ಬದುಕಿತ್ತೆಂಬುದನ್ನು ಹೇಳುತ್ತವೆ. ಬಿಲ್ಲೆ ಹಳೆಯದೇ ಎಂದು ತಿಳಿಯಲು ಅದರ ಬಣ್ಣ ತುಂಬಿದ ಭಾಗವನ್ನು ನೋಡಿ. ಹಳೆಯ ಬಿಲ್ಲೆಗಳಲ್ಲಿ ಕಾಯಿಸಿ ಕೂರಿಸಿದ ಗಾಜಿನ ಎನಾಮಲ್ ಇರುತ್ತದೆ, ಉಗುರಿನಿಂದ ಗೀರಿದರೆ ಗುರುತು ಬೀಳುವುದಿಲ್ಲ, ಚಕ್ಕೆ ಎದ್ದಲ್ಲಿ ಅಂಚು ಗಾಜಿನಂತೆ ಚೂಪಾಗಿರುತ್ತದೆ. ಹೊಸ ನಕಲುಗಳಲ್ಲಿ ಮೆತ್ತಗಿನ ಬಣ್ಣದ ರಾಳ ತುಂಬಿರುತ್ತಾರೆ.

ಕೊಳ್ಳುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಹಳೆಯ ಭಾಗ ಕೊಳ್ಳಲು ಹೋಗುವಾಗ ನಿಮ್ಮ ಕಾರಿನ ಭಾಗವನ್ನೇ, ಮುರಿದದ್ದಾದರೂ ಸರಿ, ಕೈಯಲ್ಲಿ ಹಿಡಿದುಕೊಂಡು ಹೋಗಿ. ತೂಕ, ದಪ್ಪ, ಒತ್ತಿದ ಅಕ್ಷರಗಳ ಆಕಾರ ಈ ಮೂರನ್ನು ಪಕ್ಕಪಕ್ಕದಲ್ಲಿ ಹೋಲಿಸಿ. ಮೂಲ ಭಾಗದಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಏಕೆಂದರೆ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ಅಕ್ಷರಗಳ ಮೂಲೆಗಳೂ ಮೊಂಡಾಗಿರುತ್ತವೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಈ ಕುಗ್ಗುವಿಕೆಯನ್ನು ಅಳೆದೇ ನೋಡಬಹುದು. ಸವೆತವನ್ನೂ ಓದಿ: ನಿಜವಾಗಿ ಬಳಸಿದ ಹಿಡಿಕೆ ಬೆರಳು ತಾಗುವಲ್ಲಿ ಮಾತ್ರ ಸವೆದಿರುತ್ತದೆ, ಆಮ್ಲ ಹಾಕಿ ಹಳತಾಗಿಸಿದ್ದು ಎಲ್ಲೆಡೆ ಒಂದೇ ಸಮನೆ ಮಂಕಾಗಿರುತ್ತದೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ನಿಮ್ಮ ಬಳಿ ಪ್ರತಿ ಭಾಗದ ಫೋಟೊ, ಸಂಖ್ಯೆ, ದಿನಾಂಕ ಮತ್ತು ಅದು ಯಾವ ಗುಂಪಿಗೆ ಸೇರುತ್ತದೆಂಬ ಟಿಪ್ಪಣಿ ಇರುವ ಪುಸ್ತಕ ಸಿದ್ಧವಾಗಿರಬೇಕು. ವಿಂಟೇಜ್ ವರ್ಗದಲ್ಲಿ ನೋಂದಾಯಿಸಲು ಹೊರಟರೆ ಇದು ಕೆಲಸಕ್ಕೆ ಬರುತ್ತದೆ. ಆ ನಿಯಮದ ಪ್ರಕಾರ ಚಾಸಿಸ್, ಬಾಡಿ ಶೆಲ್ ಮತ್ತು ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಸಂಖ್ಯೆಯಲ್ಲಿ ವಿಎ ಅಕ್ಷರಗಳು, ಹತ್ತು ವರ್ಷಗಳ ಮಾನ್ಯತೆ, ಆಮೇಲೆ 5,000 ರೂಪಾಯಿಗೆ ನವೀಕರಣ ಎಂದು ನಿಯಮ ಹೇಳುತ್ತದೆ. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಅಳಿಸಿದ ಚಾಸಿಸ್ ಸಂಖ್ಯೆಯನ್ನು ಮತ್ತೆ ಪಂಚ್ ಮಾಡಿಸಿಕೊಡುತ್ತೇವೆಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಅದು ಕಾನೂನಿನ ತೊಂದರೆ ತರುವುದಲ್ಲದೆ ಕಾರಿನ ಉಳಿದೆಲ್ಲ ಸಾಕ್ಷ್ಯಗಳ ಮೇಲೂ ಅನುಮಾನ ಹುಟ್ಟಿಸುತ್ತದೆ.

ಸುರಕ್ಷತೆಗಾಗಿ ಬದಲಾಯಿಸಲೇಬೇಕಾದ ಭಾಗಗಳನ್ನು, ಅಂದರೆ ಬ್ರೇಕಿನ ರಬ್ಬರ್ ಕೊಳವೆ, ವೈರಿಂಗ್, ಟೈರುಗಳನ್ನು ಧೈರ್ಯವಾಗಿ ಬದಲಾಯಿಸಿ. ಬಿಚ್ಚಿದ ಲೋಹದ ಮೂಲ ಭಾಗಗಳಿಗೆ ತೆಳುವಾಗಿ ಗ್ರೀಸು ಹಚ್ಚಿ, ಮೇಣದ ಕಾಗದದಲ್ಲಿ ಸುತ್ತಿ, ಕಾರಿನ ಸಂಖ್ಯೆ ಮತ್ತು ಬಿಚ್ಚಿದ ದಿನಾಂಕ ಬರೆದ ಚೀಟಿ ಕಟ್ಟಿ ಒಣ ಪೆಟ್ಟಿಗೆಯಲ್ಲಿಡಿ. ಕಾರನ್ನು ಮಾರುವ ದಿನ ಬಂದರೆ ಆ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಕೀಲಿಯ ಜೊತೆಗೇ ಹೊಸ ಮಾಲೀಕರಿಗೆ ಒಪ್ಪಿಸಿ.